ಗೆಳತಿ ಹೇಳಿದ ಅಳತೇಲೇ ಮಾಡಿದ್ರೂ ನಮ್ಮನೇಲಿ ಯಾಕೆ ಹಾಗೆ ಬರಲ್ಲ?

ಪ್ರಶ್ನೆ: ಮೇಡಂ, ನಾನು ಕೊಪ್ಪಳದವಳು, ಬೆಂಗಳೂರಲ್ಲಿ ಕೆಲಸ. ಪಿಜಿಲಿ ಜೊತೆಗಿದ್ದ ನಾವು ನಾಲ್ಕು ಜನ ಗೆಳತಿಯರು ಈಗ ಬೇರೆ ಬೇರೆ ಮನೆ ಮಾಡ್ಕೊಂಡಿದೀವಿ. ವಾರಕ್ಕೊಬ್ರು ತಮ್ಮ ಮನೇಲಿ ಮಾಡೋ ಸುಲಭದ ಅಡುಗೆ ಒಂದನ್ನ ಉಳಿದವರಿಗೆ ವಾಯ್ಸ್ ಮೆಸೇಜಲ್ಲಿ ಹೇಳ್ಕೊಡಬೇಕು ಅಂತ ಮಾತಾಗಿದೆ. ಮಂಗಳೂರಿನವಳು ನೀರುದೋಸೆ ಹೇಳಿದ್ಲು, ಹೇಳಿದ ಹಾಗೇ ಮಾಡಿದೆ, ಮೊದಲನೇ ಎರಡು ದೋಸೆ ಹರಿದು ಹೋಯ್ತು, ಕೊನೇವು ರಬ್ಬರ್ ಆಯ್ತು. ಮಂಡ್ಯದವಳ ಉಪ್ಸಾರಲ್ಲಿ (ಸೊಪ್ಪು ಬೇಳೆ ಬೇಯಿಸಿ ಬಸಿದ ಸಾರು) ಬೇಳೆ ಬೇಯಲೇ ಇಲ್ಲ, ಖಾರ ಅಂತೂ ಬಾಯಿಗಿಡೋಕಾಗ್ಲಿಲ್ಲ. ಶಿರಸಿಯವಳ ದೊಡ್ಡಪತ್ರೆ ತಂಬುಳಿ ಮಾತ್ರ ಸೂಪರ್ ಬಂತು. ಅವರಿಬ್ರೂ ಏನೋ ಹೇಳದೇ ಬಿಟ್ಟಿದಾರಾ ಅನ್ಸತ್ತೆ. ಮುಂದಿನ ವಾರ ನನ್ನ ಸರದಿ, ನಮ್ಮ ಕಡೆ ವಗ್ಗರಣಿ, ಅಂದ್ರೆ ಮಂಡಕ್ಕಿ ಒಗ್ಗರಣೆ, ಬಿಟ್ರೆ ನನಗೆ ಚೆನ್ನಾಗಿ ಬರೋದು ಇನ್ನೊಂದಿಲ್ಲ, ಅಷ್ಟು ಸಾದಾ ತಿಂಡಿ ಹೇಳಿದ್ರೆ ನಡೆಯತ್ತಾ? ಆಮೇಲೆ ತಿಂಗಳ ಕೊನೇಲಿ ಎಲ್ಲರೂ ಮನೆಯವರ ಜೊತೆ ನಮ್ಮನೇಲಿ ಸೇರ್ತಿದಾರೆ, ಹದಿನೈದು ಜನಕ್ಕೆ ಅದನ್ನೇ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಗೆಳತಿಯರ ಪರವಾಗಿ ಒಂದು ಮಾತು. ಅವರು ಮುಚ್ಚಿಟ್ಟಿಲ್ಲ ರೀ. ಅಡುಗೆ ಕ್ಲಾಸಿಗೆ ಬರೋ ಎಷ್ಟೋ ಜನ ಇದೇ ಅನುಮಾನ ಇಟ್ಕೊಂಡು ಬರ್ತಾರೆ, ಅತ್ತೆ ಹೇಳ್ಕೊಡಲಿಲ್ಲ, ಓರಗಿತ್ತಿ ಒಂದು ಸಾಮಾನು ಬಿಟ್ಟು ಹೇಳಿದ್ಲು ಅಂತ. ಹಾಗಿರಲ್ಲ. ಚಿಕ್ಕಂದಿನಿಂದ ಮಾಡ್ಕೊಂಡು ಬಂದ ಅಡುಗೇಲಿ ಅರ್ಧ ಕೆಲಸ ಕೈಗೆ ಗೊತ್ತಿರತ್ತೆ, ಬಾಯಿಗೆ ಗೊತ್ತಿರಲ್ಲ, ಅದಕ್ಕೇ ಹೇಳೋವಾಗ ಸಾಮಾನು, ಅಳತೆ ಅಷ್ಟೇ ನೆನಪಾಗತ್ತೆ, ಹದ ಹೇಗೆ ನೋಡ್ಕೊಂಡ್ವಿ ಅನ್ನೋದು ಬಿಟ್ಟು ಹೋಗತ್ತೆ. ಅದನ್ನ ಕೇಳಿ ಹೊರಗೆ ತೆಗೆಸೋದು ಕಲಿಯೋರ ಕೆಲಸ.

ನೀರುದೋಸೆನೇ ತಗೊಳ್ಳಿ. ನಿಮ್ಮ ಗೆಳತಿ ಏನು ಹೇಳಿರ್ತಾಳೆ ಅಂತ ನಾನು ಊಹಿಸಬಲ್ಲೆ, ಒಂದು ಲೋಟ ಅಕ್ಕಿ ನೆನೆಸು, ನುಣ್ಣಗೆ ರುಬ್ಬು, ಉಪ್ಪು ಹಾಕಿ ನೀರು ನೀರಾಗಿ ಕಲಸಿ ಹುಯ್ಯಿ. ತಪ್ಪೇನಿಲ್ಲ. ಆದ್ರೆ ಅವಳು ಪ್ರತಿ ದೋಸೆಗೂ ಮೊದಲು ಸೌಟನ್ನ ತಳಕ್ಕೆ ಬಿಟ್ಟು ಹಿಟ್ಟನ್ನ ಒಂದ್ಸಲ ಕದಡ್ತಾಳೆ, ಅದು ಅವಳಿಗೇ ಗೊತ್ತಿರಲ್ಲ. ಅಷ್ಟು ತೆಳು ಹಿಟ್ಟಲ್ಲಿ ಅಕ್ಕಿ ಎರಡು ನಿಮಿಷಕ್ಕೆ ತಳ ಸೇರತ್ತೆ. ಕದಡದೇ ಮೇಲಿಂದ ತಗೊಂಡು ಹುಯ್ದ್ರೆ ಮೊದಲನೇ ದೋಸೆಗಳಿಗೆ ಬರೀ ನೀರು ಹೋಗತ್ತೆ, ಹರಿಯತ್ತೆ, ಕೊನೇ ದೋಸೆಗಳಿಗೆ ತಳದ ಗಟ್ಟಿ ಹಿಟ್ಟು ಬಂದು ರಬ್ಬರ್ ಆಗತ್ತೆ. ನೀವು ಬರೆದಿರೋದು ಅಕ್ಷರಶಃ ಅದೇ. ನಿಮ್ಮ ಅಳತೆ ಸರಿ ಇತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ.

ಇನ್ನೊಂದೆರಡು ವಿಷಯ ಇದೆ ಇದರಲ್ಲಿ. ಅಕ್ಕಿ ಬೆಳ್ತಿಗೆ ಆಗಬೇಕು, ಅಂದ್ರೆ ಭತ್ತ ಕುದಿಸದೇ ಮಾಡಿದ್ದು, ಇಡ್ಲಿ ಅಕ್ಕಿ ಬೇಡ. ಸೋನಾ ಮಸೂರಿ ನಡೆಯತ್ತೆ, ಆದ್ರೆ ಹಳೇ ಅಕ್ಕಿ ಇರಲಿ, ಹೊಸ ಅಕ್ಕಿಗೆ ಅಂಟು ಜಾಸ್ತಿ. ಮೂರ್ನಾಲ್ಕು ಗಂಟೆ ನೆನೆಸಿ, ಬೆರಳಲ್ಲಿ ತಿಕ್ಕಿದ್ರೆ ತರಿ ಸಿಗಬಾರದು, ಅಷ್ಟು ನುಣ್ಣಗೆ ರುಬ್ಬಿ. ಒಂದು ಕಪ್ ಅಕ್ಕಿಗೆ ರುಬ್ಬೋ ನೀರೂ ಸೇರಿ ಎರಡೂವರೆಯಿಂದ ಮೂರು ಕಪ್ ನೀರು ಹಿಡಿಯತ್ತೆ, ಹಿಟ್ಟು ನೀರು ಮಜ್ಜಿಗೆ ಹದಕ್ಕೆ ಬರಬೇಕು. ಕಾವಲಿ ಚೆನ್ನಾಗಿ ಕಾದಿರಬೇಕು, ಹಿಟ್ಟು ಬಿದ್ದ ತಕ್ಷಣ ಚುಂಯ್ ಅಂದು ಅಲ್ಲಲ್ಲೇ ತೂತು ಬೀಳಬೇಕು, ಸದ್ದು ಬರಲಿಲ್ಲ ಅಂದ್ರೆ ಕಾದಿಲ್ಲ ಅಂತ. ಅಂಚಿನಿಂದ ಶುರು ಮಾಡಿ ನಡುವಿಗೆ ಹುಯ್ತಾ ಬನ್ನಿ, ಸೌಟಲ್ಲಿ ಹರಡೋಕೆ ಹೋಗಬೇಡಿ, ಮುಚ್ಚಳ ಮುಚ್ಚಿ ಒಂದು ನಿಮಿಷದೊಳಗೆ ಅಂಚು ತಾನೇ ಏಳತ್ತೆ, ಮಗುಚೋದು ಬೇಡ, ಹಾಗೇ ಮಡಚಿ ತೆಗೀರಿ. ಬಿಸಿ ಬಿಸಿ ದೋಸೆ ಒಂದರ ಮೇಲೊಂದು ಇಟ್ರೆ ಅಂಟ್ಕೊಳ್ಳತ್ತೆ, ತಟ್ಟೆ ಮೇಲೆ ಬಿಡಿ ಬಿಡಿಯಾಗಿ ಆರಿಸಿ ಆಮೇಲೆ ಜೋಡಿಸಿ. ಹರಿಯೋದು ಜಾಸ್ತಿ ಆಯ್ತು ಅಂದ್ರೆ ಒಂದು ಚಮಚ ಅಕ್ಕಿ ಹಿಟ್ಟು ಬೆರೆಸಿ, ಬಿರುಕು ಬಿಟ್ರೆ ಸ್ವಲ್ಪ ನೀರು.

ಈಗ ಬೇಳೆ ವಿಷಯ. ನೀವು ಬೆಂಗಳೂರಲ್ಲಿದೀರಿ ಅಂದ್ರಿ, ಅಡುಗೆಗೆ ಬೋರ್‌ವೆಲ್ ನೀರು ಬಳಸ್ತೀರಾ? ನಾನು ಮೊದಲು ಕೇಳೋ ಪ್ರಶ್ನೆ ಅದು. ಬೋರ್ ನೀರು ಸಾಮಾನ್ಯವಾಗಿ ಗಡಸು, ಅದರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಬೇಳೆಯ ಒಳಗಿನ ಪೆಕ್ಟಿನ್ ಅನ್ನೋ ಅಂಟಿನಂಥ ಪದಾರ್ಥದ ಜೊತೆ ಸೇರ್ಕೊಂಡು ಅದನ್ನ ಗಟ್ಟಿ ಮಾಡತ್ತೆ, ಎಷ್ಟು ಬೇಯಿಸಿದ್ರೂ ಬೇಳೆ ನೀರು ಬೇರೆ ಬೇಳೆ ಬೇರೆ ನಿಲ್ಲತ್ತೆ. ಕಾವೇರಿ ನೀರು ಬರೋ ಮನೆ ಅಥವಾ ಆರ್‌ಒ ಫಿಲ್ಟರ್ ನೀರಲ್ಲಿ ಅದೇ ಬೇಳೆ ಒಂದ್ಸಲ ಬೇಯಿಸಿ ನೋಡಿ, ಗೊತ್ತಾಗಿಬಿಡತ್ತೆ. ಎರಡನೇ ಕಾರಣ ಹುಳಿ. ಹುಣಸೆ, ಟೊಮೇಟೊ ಮೊದಲೇ ಬಿದ್ರೆ ಬೇಳೆ ಮೆತ್ತಗಾಗೋದು ತುಂಬಾ ನಿಧಾನ, ಹಾಗಾಗಿ ಬೆಂದ ಮೇಲೇ ಹುಳಿ. ಮೂರನೇದು ಬೇಳೆ ವಯಸ್ಸು, ವರ್ಷಗಟ್ಟಲೆ ಡಬ್ಬದಲ್ಲಿದ್ದ ತೊಗರಿಬೇಳೆ ಬೇಗ ಬೇಯಲ್ಲ, ಅದನ್ನ ಅರ್ಧ ಮುಕ್ಕಾಲು ಗಂಟೆ ನೆನೆಸಿ ಹಾಕಿ. ಇದರ ಜೊತೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯತ್ತೆ, ಮಂಗಳೂರಲ್ಲಿ 100ಕ್ಕೆ. ತೆರೆದ ಪಾತ್ರೇಲಿ ಬೇಯಿಸೋ ಅಡುಗೆಗೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಕಾಗತ್ತೆ.

ಉಪ್ಸಾರಿಗೆ ಇನ್ನೊಂದು ತೊಡಕಿದೆ, ಬೇಳೆ ಬೇಯಬೇಕು ಆದ್ರೆ ಕರಗಬಾರದು, ಸೊಪ್ಪು ಬೇಳೆ ಬಸಿದು ಪಲ್ಯಕ್ಕೆ ಬೇಕಲ್ಲ. ಕುಕ್ಕರಲ್ಲಿ ಮೂರು ವಿಷಲ್ ಹಾಕಿಸಿದ್ರೆ ಬಸಿಯೋಕೆ ಏನೂ ಉಳಿಯಲ್ಲ. ತೆರೆದ ಪಾತ್ರೇಲಿ ಬೇಳೆ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೇಳೆನ ಎರಡು ಬೆರಳಲ್ಲಿ ಒತ್ತಿದ್ರೆ ಚಪ್ಪಟೆ ಆಗಬೇಕು ಪುಡಿ ಆಗಬಾರದು, ಆಗ ಬಸೀರಿ. ಕುಕ್ಕರ್ ಅಂತ ಬಂದಾಗ ಹೇಳಿಬಿಡ್ತೀನಿ, ಗೆಳತಿಯರ ಮಧ್ಯೆ ವಿಷಲ್ ಲೆಕ್ಕ ಹೇಳೋದನ್ನ ದಯವಿಟ್ಟು ಬಿಡಿ. ಮೂರು ಲೀಟರ್ ಕುಕ್ಕರ್ ದೊಡ್ಡ ಉರೀಲಿ ಮೂರು ವಿಷಲ್ ಹೊಡೆಯೋ ಹೊತ್ತಿಗೆ ಐದು ಲೀಟರ್ ಕುಕ್ಕರ್ ಒಂದೂ ಹೊಡೆದಿರಲ್ಲ. ಮೊದಲ ವಿಷಲ್ ಆದ ಮೇಲೆ ಸಣ್ಣ ಉರೀಲಿ ಇಷ್ಟು ನಿಮಿಷ ಅಂತ ಹೇಳಿ, ಯಾರ ಮನೇಲಾದ್ರೂ ಹೆಚ್ಚು ಕಡಿಮೆ ಒಂದೇ ಥರ ಬರತ್ತೆ.

ಖಾರ ಜಾಸ್ತಿ ಆಗಿದ್ದಕ್ಕೆ ಮೆಣಸಿನಕಾಯಿ ಯಾವುದು ಅಂತ ಕೇಳದೇ ಇದ್ದದ್ದೇ ಕಾರಣ ಇರಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ ಖಾರ ಕಡಿಮೆ, ಹಾವೇರಿ ಜಿಲ್ಲೆಯ ಬ್ಯಾಡಗಿ ಹೆಸರಲ್ಲೇ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಉದ್ದಕ್ಕೆ ಸುಕ್ಕು ಸುಕ್ಕಾಗಿರತ್ತೆ, ನೋಡಿದ್ರೇ ಗೊತ್ತಾಗತ್ತೆ. ಗುಂಟೂರು ಕಾಯಿ ನುಣುಪಾಗಿರತ್ತೆ, ಖಾರ ಬಹಳ. ಅವಳು ಎಂಟು ಬ್ಯಾಡಗಿ ಹಾಕಿ ಅಂದಿದ್ದನ್ನ ನೀವು ಎಂಟು ಗುಂಟೂರು ಹಾಕಿದ್ರೆ ಬಾಯಿಗಿಡೋಕೆ ಹೇಗಾಗತ್ತೆ? ಉಪ್ಸಾರಿನ ಖಾರ ಬೇರೆ ಗಟ್ಟಿಯಾಗಿ ರುಬ್ಬಿಡೋದು, ಬೆಳ್ಳುಳ್ಳಿ ಕಾಳುಮೆಣಸು ಜೀರಿಗೆ ಎಲ್ಲಾ ಸೇರಿರತ್ತೆ, ಅದನ್ನ ತಟ್ಟೆ ಬದೀಲಿಟ್ಟು ಬೇಕಾದಷ್ಟು ಸಾರಿಗೆ ಕಲಸ್ಕೊಳ್ಳೋದು ಪದ್ಧತಿ. ಪೂರ್ತಿ ಪಾತ್ರೆಗೆ ಕಲಸಿಬಿಟ್ರಾ ಅಂತ ನನಗೊಂದು ಅನುಮಾನ.

ತಂಬುಳಿ ಯಾಕೆ ಸರಿ ಬಂತು ಅಂತ ಯೋಚಿಸಿದೀರಾ? ಅದರಲ್ಲಿ ಉರಿ ಕೆಲಸ ಕಡಿಮೆ. ಹತ್ತು ಹನ್ನೆರಡು ದೊಡ್ಡಪತ್ರೆ ಎಲೆನ ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಆರಿದ ಮೇಲೆ ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸೋದು, ಕುದಿಸೋ ಹಾಗಿಲ್ಲ. ನಡುವೆ ಎಲ್ಲಿ ಬೇಕಾದ್ರೂ ನಿಲ್ಲಿಸಿ ರುಚಿ ನೋಡಬಹುದು, ಹುಳಿ ಆಯ್ತಾ ಸ್ವಲ್ಪ ನೀರು, ಸಪ್ಪೆ ಆಯ್ತಾ ಒಂದು ಚಿಟಿಕೆ ಉಪ್ಪು. ಗೆಳತಿಯರಿಗೆ ಯಾವ ಅಡುಗೆ ಹೇಳ್ಕೊಡಬೇಕು ಅನ್ನೋದಕ್ಕೆ ನಾನು ನೋಡೋದು ಇದನ್ನೇ, ಸಾಮಾನು ಎಷ್ಟು ಕಡಿಮೆ ಅನ್ನೋದಕ್ಕಿಂತ ಮಧ್ಯದಲ್ಲಿ ತಿದ್ಕೊಳ್ಳೋಕೆ ಎಷ್ಟು ಅವಕಾಶ ಇದೆ ಅನ್ನೋದು ಮುಖ್ಯ. ನೀರುದೋಸೆಗೆ ಮೂರೇ ಸಾಮಾನು, ಆದ್ರೂ ಹೊಸಬರಿಗೆ ಕಷ್ಟ. ಕೋಸಂಬರಿ, ತಂಬುಳಿ, ಹಸಿ ಗೊಜ್ಜು, ಶೇಂಗಾ ಚಟ್ನಿಪುಡಿ, ಚಿತ್ರಾನ್ನ ಇವೆಲ್ಲ ಕೇಳಿ ಮಾಡೋಕೆ ಒಳ್ಳೇ ಅಡುಗೆಗಳು.

ನಿಮ್ಮ ವಗ್ಗರಣಿನೂ ಅದೇ ಸಾಲಿಗೆ ಸೇರತ್ತೆ. ಸಾದಾ ತಿಂಡಿ ಅಂತ ಹಿಂಜರೀಬೇಡಿ, ಕೊಪ್ಪಳ ಬಳ್ಳಾರಿ ರಾಯಚೂರು ಕಡೆ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ ವಗ್ಗರಣಿ, ಮಿರ್ಚಿ ಬಜ್ಜಿ ತಿಂದವರಿಗೆ ಅದರ ಬೆಲೆ ಗೊತ್ತು, ನಿಮ್ಮ ಮಂಗಳೂರಿನ ಗೆಳತಿ ಅದನ್ನ ಕಂಡೇ ಇಲ್ಲದಿರಬಹುದು. ಅವರಿಗೆ ಹೊಸದು, ನಿಮಗೆ ಕೈಗೆ ಹತ್ತಿದ್ದು, ಇದಕ್ಕಿಂತ ಒಳ್ಳೇ ಆಯ್ಕೆ ಇಲ್ಲ. ಆದ್ರೆ ನೀವೂ ಅವರ ಹಾಗೇ ಅರ್ಧ ಬಿಟ್ಟು ಹೇಳ್ತೀರಿ, ಯಾಕಂದ್ರೆ ನಿಮ್ಮ ಕೈಗೂ ಅದು ರೂಢಿ ಆಗಿದೆ. ಹಾಗಾಗದಿರಲಿ ಅಂತ ಎಲ್ಲೆಲ್ಲಿ ಬಾಯಿ ಬಿಟ್ಟು ಹೇಳಬೇಕು ಅನ್ನೋದನ್ನ ನಾನೇ ಬರೀತೀನಿ.

ಮೊದಲನೇದು ಮಂಡಕ್ಕಿ. ನಿಮ್ಮ ಕಡೆ ಮಂಡಾಳು, ಧಾರವಾಡದ ಕಡೆ ಚುರಮುರಿ, ಬೆಂಗಳೂರು ಮೈಸೂರಲ್ಲಿ ಪುರಿ ಅಥವಾ ಕಡ್ಲೆಪುರಿ ಅಂತ ಕೇಳಬೇಕು, ಮೂರೂ ಹೆಸರು ಹೇಳಿ, ಇಲ್ಲಾಂದ್ರೆ ಅಂಗಡೀಲಿ ಪರದಾಡ್ತಾರೆ. ಪುರಿಯಲ್ಲೂ ಗಟ್ಟಿ ದಪ್ಪನೇದು ಇರತ್ತೆ, ಬಾಯಲ್ಲಿಟ್ರೆ ಕರಗೋ ಹಗುರದ್ದೂ ಇರತ್ತೆ. ಗಟ್ಟಿದು ನೀರಲ್ಲಿ ಸ್ವಲ್ಪ ಹೊತ್ತು ತಡ್ಕೊಳ್ಳತ್ತೆ, ಹಗುರದ್ದು ಮುಳುಗಿಸಿದ ತಕ್ಷಣ ಮುದ್ದೆ. ಹಗುರ ಪುರಿ ಸಿಕ್ಕಿದವರು ಮುಳುಗಿಸೋದೇ ಬೇಡ, ಜರಡೀಲಿ ಹಾಕಿ ಮೇಲಿಂದ ನೀರು ಚಿಮುಕಿಸಿದ್ರೆ ಸಾಕು. ಗಟ್ಟಿ ಮಂಡಕ್ಕಿ ಆದ್ರೆ ಅಗಲ ಪಾತ್ರೇಲಿ ನೀರಿಟ್ಟು ಎರಡು ಕೈ ತುಂಬ ಹಾಕಿ, ಅಂಗೈಯಲ್ಲಿ ಒಳಗೆ ಅದುಮಿ, ತಕ್ಷಣ ಎತ್ತಿ ಎರಡೂ ಅಂಗೈ ಮಧ್ಯೆ ಹಗುರವಾಗಿ ಹಿಂಡಿ ಜರಡೀಲಿ ಹರಡೋದು. ಒಂದು ಕಾಳು ಹಿಸುಕಿ ನೋಡಿದ್ರೆ ಹೊರಗೆ ಮೆತ್ತಗೆ, ನಡುವೆ ಒಂಚೂರು ಬಿಗಿ ಸಿಗಬೇಕು. ಪೂರ್ತಿ ಮೆತ್ತಗಾಗಿದೆ ಅಂದ್ರೆ ನೀರು ಜಾಸ್ತಿ ಕುಡಿದಿದೆ, ಮುಂದಿನ ಹಿಡಿಗೆ ಬೇಗ ಎತ್ತಿ. ನಿಮಗೆ ಈ ಕಾಳು ಹಿಸುಕೋದು ಹೇಳಬೇಕು ಅಂತಾನೇ ಹೊಳೆಯಲ್ಲ ನೋಡಿ, ಇಡೀ ವಗ್ಗರಣಿ ನಿಂತಿರೋದು ಅಲ್ಲೇ.

ಇಬ್ಬರಿಗೆ ಒಂದೂವರೆ ಲೀಟರ್ ಪಾತ್ರೆ ತುಂಬ ಒಣ ಮಂಡಕ್ಕಿ ಸಾಕು, ನೆನೆದ ಮೇಲೆ ಕುಗ್ಗಿ ಹೋಗತ್ತೆ. ಮೂರು ದೊಡ್ಡ ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಒಂದು ಹಿಡಿ ಶೇಂಗಾ, ಕರಿಬೇವು, ನಾಲ್ಕೈದು ಹಸಿಮೆಣಸಿನಕಾಯಿ, ಎರಡು ಉಳ್ಳಾಗಡ್ಡಿ, ಒಂದು ಟೊಮೇಟೊ, ಅರ್ಧ ಚಮಚ ಅರಿಶಿಣ. ಶೇಂಗಾ ಕೆಂಪಾದ ಮೇಲೇ ಉಳ್ಳಾಗಡ್ಡಿ ಹಾಕಬೇಕು, ಮೊದಲೇ ಹಾಕಿದ್ರೆ ಅದರ ನೀರಿಗೆ ಶೇಂಗಾ ಮೆತ್ತಗಾಗತ್ತೆ. ಟೊಮೇಟೊ ಕರಗಿ ಎಣ್ಣೆ ಬಿಡೋ ತನಕ ಬಾಡಿಸಬೇಕು, ಹಸಿ ನೀರು ಉಳಿದ್ರೆ ಅದೂ ಮಂಡಕ್ಕಿಗೇ ಹೋಗತ್ತೆ. ಮಂಡಕ್ಕೀಲೇ ಉಪ್ಪಿರತ್ತಲ್ಲ, ಹಾಗಾಗಿ ಒಗ್ಗರಣೆಗೆ ಅರ್ಧ ಉಪ್ಪು ಹಾಕಿ ಉಳಿದದ್ದು ಕೊನೇಲಿ ರುಚಿ ನೋಡಿ. ಉರಿ ಪೂರ್ತಿ ಸಣ್ಣ ಮಾಡಿ ಮಂಡಕ್ಕಿ ಸುರಿದು ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿ, ಒತ್ತಬೇಡಿ. ಎರಡು ನಿಮಿಷ ಸಾಕು. ಕೊನೇಲಿ ಮೂರು ದೊಡ್ಡ ಚಮಚ ಪುಟಾಣಿ ಪುಡಿ, ಅಂದ್ರೆ ಹುರಿಗಡಲೆ ಪುಡಿ, ಉದುರಿಸಿ, ನಿಂಬೆಹಣ್ಣು ಹಿಂಡಿ, ಕೊತ್ತಂಬರಿ. ಪುಟಾಣಿ ಪುಡಿ ಬರೀ ರುಚಿಗೆ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಅದು ಹೆಚ್ಚಿನ ನೀರನ್ನೂ ಹೀರ್ಕೊಂಡು ಕಾಳು ಬಿಡಿ ಬಿಡಿಯಾಗಿ ನಿಲ್ಲಿಸತ್ತೆ. ಹಸಿ ಹಸಿ ಅನಿಸಿದ್ರೆ ಇನ್ನೊಂದು ಚಮಚ ಉದುರಿಸಿ, ಒಣಗಿದೆ ಅನಿಸಿದ್ರೆ ಕೈಯಲ್ಲಿ ನೀರು ಚಿಮುಕಿಸಿ. ಇದನ್ನ ಖಂಡಿತ ಹೇಳಿ, ತಿದ್ದೋ ದಾರಿ ಗೊತ್ತಿದ್ರೆ ಮಾಡೋರಿಗೆ ಭಯ ಇರಲ್ಲ.

ಅಳತೆ ಹೇಳೋಕೆ ಲೋಟ ಬಳಸ್ತೀರಲ್ಲ, ಅದರ ಬಗ್ಗೆ. ಕಾಫಿ ಲೋಟ 150 ಎಂಎಲ್ ಇರತ್ತೆ, ನೀರು ಕುಡಿಯೋ ಲೋಟ 250 ದಾಟತ್ತೆ. ಅಕ್ಕಿ ಒಂದು ಲೋಟದಲ್ಲಿ, ನೀರು ಇನ್ನೊಂದರಲ್ಲಿ ಅಳೆದ್ರೆ ಹದ ಪೂರ್ತಿ ಕೆಡತ್ತೆ, ಅದೇ ಎಲ್ಲಕ್ಕೂ ಒಂದೇ ಲೋಟ ಇಟ್ಕೊಂಡ್ರೆ ಅದು ಯಾವ ಸೈಜಾದ್ರೂ ಪರವಾಗಿಲ್ಲ. ಚಮಚ ಮಾತ್ರ ಟೀ ಸ್ಪೂನ್ 5 ಎಂಎಲ್, ಟೇಬಲ್ ಸ್ಪೂನ್ 15 ಎಂಎಲ್ ಅಂತ ಸೆಟ್ ಸಿಗತ್ತೆ, ನಾಲ್ಕೂ ಜನ ಒಂದೊಂದು ತಗೊಳ್ಳಿ, ದುಬಾರಿ ಏನಲ್ಲ. ಉಪ್ಪು ಹೇಳೋವಾಗ ಪುಡಿ ಉಪ್ಪಾ ಕಲ್ಲುಪ್ಪಾ ಅಂತ ಹೇಳಿ, ಒಂದು ಚಮಚ ಪುಡಿ ಉಪ್ಪಿನ ತೂಕ ಒಂದು ಚಮಚ ಕಲ್ಲುಪ್ಪಿಗಿಂತ ಜಾಸ್ತಿ, ಕಲ್ಲುಪ್ಪಿನ ಹರಳು ಮಧ್ಯೆ ಜಾಗ ಉಳಿಯತ್ತಲ್ಲ. ರವೆ ಅಂದ್ರೆ ಚಿರೋಟಿನಾ ಮೀಡಿಯಮ್ಮಾ ಬನ್ಸಿನಾ, ಅದೂ ಅಷ್ಟೇ.

ವಾಯ್ಸ್ ಮೆಸೇಜ್ ಚೆನ್ನಾಗಿದೆ, ಆದ್ರೆ ಸೋಫಾ ಮೇಲೆ ಕೂತು ನೆನಪಿಂದ ಹೇಳಬೇಡಿ. ಫೋನನ್ನ ಅಡುಗೆಕಟ್ಟೆ ಮೇಲಿಟ್ಟು ಮಾಡ್ತಾ ಮಾಡ್ತಾ ಮಾತಾಡಿ, ಕೈ ಏನು ಮಾಡತ್ತೋ ಅದೇ ಬಾಯಲ್ಲಿ ಬರತ್ತೆ. ಇನ್ನೂ ಒಳ್ಳೇದು ಅಂದ್ರೆ ಒಬ್ಬರು ವಿಡಿಯೋ ಕಾಲಲ್ಲಿರೋದು, ಅವರ ಕೆಲಸ ಪ್ರಶ್ನೆ ಕೇಳೋದು, ಈಗ ಯಾಕೆ ಉರಿ ಕಡಿಮೆ ಮಾಡಿದೆ, ಆಯ್ತು ಅಂತ ಹೇಗೆ ಗೊತ್ತಾಯ್ತು, ಯಾವ ವಾಸನೆ ಬಂತು. ಫೋಟೋ ಕಳಿಸೋದಾದ್ರೆ ತಟ್ಟೇಲಿ ಅಲಂಕಾರ ಮಾಡಿದ್ದರ ಫೋಟೋಗಿಂತ ಹಿಂಡಿಟ್ಟ ಮಂಡಕ್ಕಿ, ಬಾಡಿದ ಉಳ್ಳಾಗಡ್ಡಿ ಬಣ್ಣ, ಇವುಗಳ ಫೋಟೋ ಹೆಚ್ಚು ಉಪಯೋಗಕ್ಕೆ ಬರತ್ತೆ. ಅವಳು ಮಾಡಿದ್ದು ಸರಿ ಬರಲಿಲ್ಲ ಅಂದ್ರೆ ಬೇಜಾರಾಗತ್ತೆ ಅಂತ ಸುಮ್ಮನಿರಬೇಡಿ, ಏನಾಯ್ತು ಅಂತ ವಾಪಸ್ ಹೇಳಿ. ನೀರುದೋಸೆ ಹರಿದಿದ್ದು ಆ ಗೆಳತಿಗೆ ಗೊತ್ತಾಗಿದ್ರೆ ಕದಡಿದ್ಯಾ ಅಂತ ಅವಳೇ ಕೇಳ್ತಿದ್ಲು.

ಹದಿನೈದು ಜನಕ್ಕೆ ವಗ್ಗರಣಿ ಆರಾಮಾಗಿ ಮಾಡಬಹುದು, ಆದ್ರೆ ಎಲ್ಲಾನೂ ಏಳೂವರೆ ಪಟ್ಟು ಮಾಡೋಕೆ ಹೋಗಬೇಡಿ. ಮಂಡಕ್ಕಿ, ಉಳ್ಳಾಗಡ್ಡಿ ಲೆಕ್ಕದ ಪ್ರಕಾರ ಹೆಚ್ಚಿಸಿ, ಎಣ್ಣೆ ಐದು ಪಟ್ಟು ಸಾಕು, ಹಸಿಮೆಣಸಿನಕಾಯಿ ಉಪ್ಪು ಐದು ಪಟ್ಟಿಗೆ ಶುರು ಮಾಡಿ ರುಚಿ ನೋಡಿ ಏರಿಸಿ, ಮಕ್ಕಳಿದ್ರೆ ಮೆಣಸಿನಕಾಯಿ ಉದ್ದಕ್ಕೆ ಸೀಳಿ ಹಾಕಿ, ತೆಗೆದಿಡೋಕೆ ಸುಲಭ. ಶೇಂಗಾ ಯಾರಿಗಾದ್ರೂ ಆಗಲ್ವಾ ಅಂತ ಮೊದಲೇ ಕೇಳ್ಕೊಳ್ಳಿ, ಆಗದವರಿದ್ರೆ ಪೂರ್ತಿ ಬಿಟ್ಟೇ ಮಾಡಿ, ಆರಿಸಿ ತಿನ್ನೋದು ಸರಿಯಲ್ಲ. ಒಗ್ಗರಣೆ ಬೆಳಿಗ್ಗೇನೇ ಮಾಡಿಟ್ರೂ ನಡೆಯತ್ತೆ, ಪುಟಾಣಿ ಪುಡಿ ಹಿಂದಿನ ದಿನವೇ ಮಾಡ್ಕೊಳ್ಳಿ, ಮಂಡಕ್ಕಿ ಮಾತ್ರ ಎಲ್ಲರೂ ಬಂದು ಕೂತ ಮೇಲೇ ನೆನೆಸಿ. ಒಂದೇ ಬಾಣಲೇಲಿ ಅಷ್ಟೂ ಹಾಕಿದ್ರೆ ತಳದ್ದು ಭಾರಕ್ಕೆ ಮುದ್ದೆ ಆಗತ್ತೆ, ಮೂರು ಸಲ ಮಾಡಿ, ಐದೈದು ಜನಕ್ಕೆ ಬಿಸಿ ಬಿಸಿ ಬಡಿಸಿ. ಮಿರ್ಚಿ ಕರಿಯೋ ಕೆಲಸ ಮಂಡ್ಯದ ಗೆಳತಿಗೆ ಕೊಡಿ, ನೀವು ಒಬ್ಬರೇ ಎರಡೂ ಒಲೆ ನೋಡೋಕಾಗಲ್ಲ.